ಒಂದು ಇಂಜೆಕ್ಷನ್ನಿನ ಬೆಲೆ ಕೇಳಿದರೆ ಸಾಲದು

ಸೋರಿಯಾಸಿಸ್‌ಗೆ ಬಯಾಲಜಿಕ್ (ಜೀವಕೋಶಗಳಿಂದ ತಯಾರಿಸುವ ಔಷಧಿ) ಕೊಡೋಣ ಎಂದು ಚರ್ಮದ ಡಾಕ್ಟರು ಹೇಳಿದಾಗ ಮನೆಯವರ ಬಾಯಿಂದ ಮೊದಲು ಬರುವ ಮಾತು, ‘ಒಂದಕ್ಕೆ ಎಷ್ಟಾಗುತ್ತೆ?’ ಮೊದಲ ವರ್ಷಕ್ಕೆ ಎಷ್ಟು ಬೇಕು, ಆಮೇಲೆ ವರ್ಷಕ್ಕೆ ಎಷ್ಟು ಎಂದು ಕೇಳುವವರು ಕಡಿಮೆ. ಲೆಕ್ಕ ತಪ್ಪುವುದೇ ಅಲ್ಲಿ.

ಇಂಥ ಬಯಾಲಜಿಕ್‌ಗಳಲ್ಲಿ ಒಂದಾದ ಸೆಕುಕಿನುಮಾಬ್ ನೋಡಿ. ವಯಸ್ಕರಿಗೆ ಒಂದು ಡೋಸ್ 300 ಮಿ.ಗ್ರಾಂ, ಅಂದರೆ 150ರ ಎರಡು ಇಂಜೆಕ್ಷನ್. ಆರಂಭದಲ್ಲಿ ವಾರಕ್ಕೊಂದರಂತೆ ಐದು ಡೋಸ್, ಬಳಿಕ ನಾಲ್ಕು ವಾರಕ್ಕೊಮ್ಮೆ. ಮೊದಲ ವರ್ಷ ಒಟ್ಟು 32 ಇಂಜೆಕ್ಷನ್. ಅದರಲ್ಲಿ ಹತ್ತು ಮೊದಲ ತಿಂಗಳಲ್ಲೇ ಮುಗಿದಿರುತ್ತವೆ. ಈ ‘ಲೋಡಿಂಗ್’ಗೆಂದೇ ಸಾಲ ಮಾಡುವ ಕುಟುಂಬಗಳಿವೆ. ಮೂರು ತಿಂಗಳಲ್ಲಿ ಮೊಣಕೈಯ ಹೊಪ್ಪಳೆ ಉದುರಿ ಚರ್ಮ ತಿಳಿಯಾಗುತ್ತದೆ, ಕೈಯಲ್ಲಿದ್ದ ಹಣವೂ ಖಾಲಿಯಾಗಿರುತ್ತದೆ. ‘ವಾಸಿಯಾಯಿತಲ್ಲ’ ಎಂದು ನಿಲ್ಲಿಸಿಬಿಡುತ್ತಾರೆ. ಆದರೆ ಔಷಧಿ ತಡೆದಿದ್ದು ಉರಿಯೂತ ಹಬ್ಬಿಸುವ ಐಎಲ್-17 ಎಂಬ ಸಂದೇಶವಾಹಕವನ್ನು ಮಾತ್ರ. ಕಾಯಿಲೆ ಒಳಗೇ ಇದೆ. ಬಿಟ್ಟವರಲ್ಲಿ ಹೆಚ್ಚಿನವರಿಗೆ ಅದು ಮರುಕಳಿಸುತ್ತದೆ. ಇನ್ನು ಅಡಾಲಿಮುಮಾಬ್‌ನಂಥ ಬೇರೆ ಬಯಾಲಜಿಕ್ ಔಷಧಿಯನ್ನು ಬಿಟ್ಟು ಬಿಟ್ಟು ತೆಗೆದುಕೊಂಡರೆ ದೇಹ ಅದರ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಂಡು ಮುಂದೆ ಅದು ನಾಟದೇ ಹೋಗಬಹುದು. ಅರ್ಧಕ್ಕೆ ಬಿಡುವ ದುಬಾರಿ ಚಿಕಿತ್ಸೆಗಿಂತ ಕೊನೆತನಕ ಕೈಗೆಟಕುವ ಅಗ್ಗದ ಚಿಕಿತ್ಸೆಯೇ ಮೇಲು ಎಂದು ನಾನು ನಂಬಿದ್ದೇನೆ. ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಇಂದಿಗೂ ಅನೇಕರಿಗೆ ಸಾಕಾಗುತ್ತದೆ. ಅದು ವಾರಕ್ಕೊಮ್ಮೆಯ ಮಾತ್ರೆ. ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು.

ಇದೇ ಕಾಯಿಲೆಗೆ ಬೆಂಗಳೂರಿನ ಬಯೋಕಾನ್ ಕಂಪನಿ ಕ್ಯೂಬಾದ ವಿಜ್ಞಾನಿಗಳ ಜೊತೆಗೂಡಿ ರೂಪಿಸಿ 2013ರಲ್ಲಿ ಮಾರುಕಟ್ಟೆಗೆ ತಂದ ಇಟೊಲಿಜುಮಾಬ್‌ನ ಲೆಕ್ಕವೇ ಬೇರೆ. ಅದು ಡ್ರಿಪ್‌ನಲ್ಲಿ ಕೊಡುವ ಔಷಧಿ, ಕಿಲೋ ತೂಕಕ್ಕೆ 1.6 ಮಿ.ಗ್ರಾಂ. ವಯಲ್ 25 ಮಿ.ಗ್ರಾಂನದು. 78 ಕಿಲೋ ತೂಗುವವರಿಗೆ ಐದು ವಯಲ್ ಸಾಕು, 80 ಕಿಲೋ ಆದರೆ ಆರನೆಯದನ್ನೂ ಒಡೆಯಬೇಕು. ಎರಡು ಕಿಲೋ ಮೈತೂಕಕ್ಕೆ ಪ್ರತಿ ಸಲವೂ ಒಂದು ವಯಲ್ ಹೆಚ್ಚು!

ಬೆಲೆ ಇಳಿದಿಲ್ಲವೆಂದಲ್ಲ. ಅಡಾಲಿಮುಮಾಬ್‌ನ ಮೊದಲ ಬಯೋಸಿಮಿಲರ್ (ಮೂಲ ಔಷಧಿಯನ್ನು ಹೋಲುವ ರೂಪ) 2014ರಲ್ಲಿ ಬಂದದ್ದು ಭಾರತದಲ್ಲೇ, ಅಹಮದಾಬಾದಿನ ಜೈಡಸ್‌ನಿಂದ, ಅಮೆರಿಕದ ದರದ ಸುಮಾರು ಐದನೇ ಒಂದು ಪಾಲಿಗೆ. ಆದರೂ ಚೀಟಿಯಲ್ಲಿ ಕಾಣದ ಖರ್ಚುಗಳಿವೆ. ನಮ್ಮ ದೇಶದಲ್ಲಿ ಅನೇಕರ ಮೈಯಲ್ಲಿ ಕ್ಷಯದ ರೋಗಾಣು ಸುಮ್ಮನೆ ಮಲಗಿರುತ್ತದೆ. ಈ ಔಷಧಿಗಳು, ಅದರಲ್ಲೂ ಅಡಾಲಿಮುಮಾಬ್, ಅದನ್ನು ಎಬ್ಬಿಸಬಲ್ಲವು. ಹಾಗಾಗಿ ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಹೆಪಟೈಟಿಸ್ ತಪಾಸಣೆ ಬಿಡುವಂತಿಲ್ಲ.

ವಿಮೆಯ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ಈ ಬಯಾಲಜಿಕ್‌ಗಳು ಸೇರುವ ಮೊನೊಕ್ಲೋನಲ್ ಆಂಟಿಬಾಡಿ ಇಂಜೆಕ್ಷನ್‌ಗಳನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಎಂದು ವಿಮಾ ಪ್ರಾಧಿಕಾರ 2019ರಲ್ಲೇ ಹೇಳಿದೆ. ಆದರೆ ಕಂಪನಿಗಳು ಅದಕ್ಕೆ ಮಿತಿ ಹಾಕಬಹುದು, ಮನೆಯಲ್ಲೇ ಚುಚ್ಚಿಕೊಂಡರೆ ಹೊರರೋಗಿ ಖರ್ಚೆಂದು ತಳ್ಳಿಹಾಕಲೂಬಹುದು. ಆದ್ದರಿಂದ ಇಡೀ ವರ್ಷದ ಡೋಸ್ ಪಟ್ಟಿಯನ್ನು ಡಾಕ್ಟರ ಕೈಯಲ್ಲಿ ಬರೆಸಿಕೊಂಡು, ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ.