ಸೀಳಿನ ಹಾದಿಯಲ್ಲಿ ಓಡುವ ಕಾರು

ಪ್ರಶ್ನೆ: ಸ್ಲಾಟ್ ಕಾರ್ ರೇಸಿನ ಟ್ರ್ಯಾಕನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?
– ಓದುಗರೊಬ್ಬರು, ಹೊನ್ನಾಳಿ

ಖಂಡಿತ ಮಾಡಬಹುದು. ಬ್ರಿಟನ್ನಿನ ಫ್ರೆಡ್ ಫ್ರಾನ್ಸಿಸ್ 1957ರಲ್ಲಿ ತಂದ ಸ್ಕೇಲೆಕ್ಸ್‌ಟ್ರಿಕ್ ಸೆಟ್ಟಿನ ತತ್ವವೇ ಇಂದಿಗೂ ಸಾಕು. ಕಾರಿನ ತಳದ ನಾಲಿಗೆ ಸೀಳಿನೊಳಗೆ ಕೂತು ದಾರಿ ಹಿಡಿಯುತ್ತದೆ. ಸೀಳಿನ ಎರಡೂ ಅಂಚಿನ ಲೋಹದ ಪಟ್ಟಿಗಳಿಂದ ಮೋಟಾರಿಗೆ ಕರೆಂಟು ಸಿಗುತ್ತದೆ. ನಿಮ್ಮ ಕೈಯಲ್ಲಿರುವುದು ವೇಗ ಮಾತ್ರ. ತಿರುವಿನಲ್ಲಿ ಅದನ್ನು ತಗ್ಗಿಸದಿದ್ದರೆ ಕಾರು ಹಾರಿ ಬೀಳುತ್ತದೆ, ಆಟದ ಸೊಗಸೆಲ್ಲ ಅಲ್ಲೇ ಇದೆ.

ಊರಿನ ಬಡಗಿಯ ಬಳಿ ರೌಟರ್ ಮೆಷಿನ್ ಇದ್ದರೆ, ಎಂಡಿಎಫ್ ಹಲಗೆಯಲ್ಲಿ ಸುಮಾರು 3 ಮಿ.ಮೀ. ಅಗಲ, 7 ಮಿ.ಮೀ. ಆಳದ ಸೀಳು ಕೊರೆಸಿ. ಅಂಚಿಗೆ ತಾಮ್ರದ ಟೇಪ್ ಅಂಟಿಸಿ. ಟೇಪಿನ ಅಂಟನ್ನು ನಂಬಬೇಡಿ, ಪ್ರತಿ ಜೋಡಣೆಗೂ ಬೆಸುಗೆ ಹಾಕಿ. ಟ್ರ್ಯಾಕ್ ಉದ್ದವಾದರೆ ಎರಡು ಮೂರು ಕಡೆ ವೈರ್ ಕೊಡಿ. ಇಲ್ಲವಾದರೆ ದೂರದ ತುದಿಯಲ್ಲಿ ಕಾರು ಸೊರಗುತ್ತದೆ. ಎಂಟರ ಆಕಾರ ನನಗೆ ಬಹಳ ಇಷ್ಟ, ಇಬ್ಬರಿಗೂ ಓಡುವ ದೂರ ಸಮವಾಗುತ್ತದೆ.

ಚನ್ನಗಿರಿ, ನ್ಯಾಮತಿ ಕಡೆಯ ಮಳೆಗಾಲದ ತೇವಕ್ಕೆ ಎಂಡಿಎಫ್ ಉಬ್ಬುತ್ತದೆ. ತಳಕ್ಕೂ ಬಣ್ಣ ಬಳಿಯಿರಿ. ಒಣ ನೆಲದ ಜಗಳೂರಿನಲ್ಲಾದರೆ ದೂಳಿನದೇ ಕಾಟ, ಆಟಕ್ಕೆ ಮುನ್ನ ಟೇಪ್ ಒರೆಸಲೇಬೇಕು. ಮನೆಯ ಕರೆಂಟನ್ನು ನೇರವಾಗಿ ಕೊಡಲೇಬೇಡಿ. ಒಳ್ಳೆಯ 12 ವೋಲ್ಟ್ ಡಿಸಿ ಅಡಾಪ್ಟರ್ ಬಳಸಿ.