ಮುಟ್ಟಿ ನೋಡುವ ವಿದ್ಯೆ

ಷರ್ಲಾಕ್ ಹೋಮ್ಸ್ ಎಂಬ ಪತ್ತೇದಾರನ ಹೆಸರು ಕೇಳದ ವಿದ್ಯಾರ್ಥಿಗಳು ವಿರಳ. ಆದರೆ ಆ ಪಾತ್ರಕ್ಕೆ ಮಾದರಿಯಾದವರು ಪೊಲೀಸ್ ಅಧಿಕಾರಿಯಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಶಸ್ತ್ರವೈದ್ಯ ಡಾ. ಜೋಸೆಫ್ ಬೆಲ್ (1837–1911). ಹೋಮ್ಸ್ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಅವರ ಶಿಷ್ಯ. ಒಮ್ಮೆ ಒಳಬಂದ ರೋಗಿಯನ್ನು ನೋಡಿ ಬೆಲ್, ಈತ ಇತ್ತೀಚೆಗಷ್ಟೇ ಸೈನ್ಯ ಬಿಟ್ಟವನು, ಬಾರ್ಬಡೋಸ್ ದ್ವೀಪದಲ್ಲಿದ್ದವನು ಎಂದುಬಿಟ್ಟರು. ಆತ ಹೌದೆಂದ. ವಿದ್ಯಾರ್ಥಿಗಳು ಬೆರಗಾದರು. ವಿವರಣೆ ಮಾತ್ರ ಸರಳ. ಮರ್ಯಾದಸ್ಥನಂತೆ ಕಂಡರೂ ಆತ ಟೋಪಿ ತೆಗೆಯಲಿಲ್ಲ; ಸೈನ್ಯದಲ್ಲಿ ತೆಗೆಯುವ ಪದ್ಧತಿಯಿಲ್ಲ. ಸೈನ್ಯ ಬಿಟ್ಟು ಬಹುಕಾಲವಾಗಿದ್ದರೆ ಊರಿನವರ ರೀತಿ ಕಲಿತಿರುತ್ತಿದ್ದ. ಇನ್ನು ಆತನಿಗಿದ್ದದ್ದು ಆನೆಕಾಲು ರೋಗ. ಅದು ಬ್ರಿಟನ್ನಿನದಲ್ಲ, ವೆಸ್ಟ್ ಇಂಡೀಸಿನದು.

ಹೀಗೆ ಕಣ್ಣಿನಿಂದ ಆರಂಭವಾಗುವ ದೇಹಪರೀಕ್ಷೆಯನ್ನು ವೈದ್ಯ ಕಾಲೇಜುಗಳು ಇಂದಿಗೂ ನಾಲ್ಕು ಹಂತಗಳಲ್ಲಿ ಕಲಿಸುತ್ತವೆ: ನೋಡು, ಮುಟ್ಟು, ತಟ್ಟು, ಆಲಿಸು. ಇವುಗಳಲ್ಲಿ ಭೌತವಿಜ್ಞಾನ ಓದುವವರಿಗೆ ಬಹಳ ಸ್ವಾರಸ್ಯಕರವಾದುದು ತಟ್ಟುವುದು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ಬಡಿದು ಸದ್ದು ಕೇಳುತ್ತಾರೆ. ಹಲಸಿನಕಾಯಿ ಬಲಿತಿದೆಯೇ ಎಂಬುದನ್ನೂ ತಟ್ಟಿಯೇ ಹೇಳುತ್ತಾರೆ. ಇದೇ ಉಪಾಯವನ್ನು ವೈದ್ಯಶಾಸ್ತ್ರಕ್ಕೆ ತಂದವರು ಆಸ್ಟ್ರಿಯದ ಲಿಯೊಪೋಲ್ಡ್ ಔಎನ್‌ಬ್ರುಗ್ಗರ್. ಇವರ ತಂದೆ ವಸತಿಗೃಹ ನಡೆಸುತ್ತಿದ್ದರು. ಪೀಪಾಯಿಯಲ್ಲಿ ದ್ರಾಕ್ಷಾರಸ ಎಲ್ಲಿಯವರೆಗೆ ಇದೆ ಎಂದು ತಟ್ಟಿ ತಿಳಿಯುವುದನ್ನು ಬಾಲಕ ಅಲ್ಲಿ ಕಂಡಿದ್ದನೆಂದು ಹೇಳುತ್ತಾರೆ. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ಎಡಗೈಯ ನಡುಬೆರಳನ್ನು ಒತ್ತಿ ಇಟ್ಟು ಬಲಗೈಯ ನಡುಬೆರಳಿನ ತುದಿಯಿಂದ ತಟ್ಟಿದರೆ ಟೊಳ್ಳಾದ ಅನುರಣನ ಕೇಳುತ್ತದೆ. ಯಕೃತ್ತಿನ ಮೇಲೆ ತಟ್ಟಿದರೆ ಮಂದ ಸದ್ದು. ಶ್ವಾಸಕೋಶದ ಹೊರಪೊರೆಗಳ ನಡುವೆ ನೀರು ತುಂಬಿದ್ದರೆ ಕಲ್ಲಿನ ಮೇಲೆ ತಟ್ಟಿದಂತೆ! ಔಎನ್‌ಬ್ರುಗ್ಗರ್ ತಮ್ಮ ಪುಸ್ತಕವನ್ನು 1761ರಲ್ಲಿ ಪ್ರಕಟಿಸಿದರೂ ಅದಕ್ಕೆ ಮನ್ನಣೆ ದೊರೆತದ್ದು 1808ರಲ್ಲಿ, ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ ಅದನ್ನು ಫ್ರೆಂಚ್ ಭಾಷೆಗೆ ಅನುವಾದಿಸಿದ ಮೇಲೆ. ಎಂಟು ವರ್ಷಗಳ ನಂತರ ಪ್ಯಾರಿಸ್ಸಿನ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಬಡಿತ ಆಲಿಸಿದರು. ಅದೇ ಸ್ಟೆತಾಸ್ಕೋಪಿನ ಆರಂಭ.

ಸ್ಕ್ಯಾನಿಂಗ್ ಯಂತ್ರಗಳ ಈ ಕಾಲದಲ್ಲಿ ಇಂಥ ಹಳೆಯ ವಿದ್ಯೆ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. 1975ರಲ್ಲಿ ಬ್ರಿಟನ್ನಿನ ವೈದ್ಯರು ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದ 80 ಮಂದಿಯನ್ನು ಅಧ್ಯಯನ ಮಾಡಿದರು. 66 ಮಂದಿಯಲ್ಲಿ ಕೊನೆಗೆ ಖಚಿತವಾದ ಕಾಯಿಲೆ ಮೊದಲ ಮಾತುಕತೆಯಲ್ಲೇ ಗೊತ್ತಾಗಿತ್ತು. ದೇಹಪರೀಕ್ಷೆ ನಿರ್ಧಾರಕವಾದದ್ದು 7 ಮಂದಿಯಲ್ಲಿ, ಪ್ರಯೋಗಾಲಯ ಮತ್ತೆ 7 ಮಂದಿಯಲ್ಲಿ. ಅದು ಎಂ.ಆರ್.ಐ. ಬರುವುದಕ್ಕೆ ಮುಂಚಿನ ಮಾತು ನಿಜ. ಆದರೂ ರೋಗಿಯ ಬಾಯಿ ಮತ್ತು ವೈದ್ಯನ ಕಿವಿ ಎರಡಕ್ಕೂ ಖರ್ಚಿಲ್ಲವೆಂಬುದು ಈಗಲೂ ಬದಲಾಗಿಲ್ಲ.

ಬದಲಾಗಿರುವುದು ಕಲಿಕೆ. 1997ರಲ್ಲಿ ಅಮೆರಿಕದಲ್ಲಿ ತರಬೇತಿಯಲ್ಲಿದ್ದ 453 ಯುವ ವೈದ್ಯರಿಗೆ, ಸಾಮಾನ್ಯವಾಗಿ ಎದುರಾಗುವ 12 ಹೃದಯದ ಸದ್ದುಗಳನ್ನು ಧ್ವನಿಮುದ್ರಿಸಿ ಕೇಳಿಸಿದಾಗ, ಅವರು ಸರಿಯಾಗಿ ಗುರುತಿಸಿದ್ದು ಶೇಕಡ 20ರಷ್ಟನ್ನು ಮಾತ್ರ. ಕೊರಳಲ್ಲಿ ಸ್ಟೆತಾಸ್ಕೋಪು ತೂಗುತ್ತಿದ್ದರೆ ಸಾಲದು ಎಂದಾಯಿತು. ಇದನ್ನು ಸರಿಪಡಿಸಲು ಹೊರಟವರಲ್ಲಿ ಪ್ರಮುಖರು ಡಾ. ಅಬ್ರಹಾಂ ವರ್ಗೀಸ್. ಕೇರಳ ಮೂಲದ ತಂದೆತಾಯಿಗಳಿಗೆ ಇಥಿಯೋಪಿಯದಲ್ಲಿ ಹುಟ್ಟಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಇವರು, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರತಿಯೊಬ್ಬ ವೈದ್ಯನಿಗೂ ಬರಲೇಬೇಕಾದ 25 ದೇಹಪರೀಕ್ಷಾ ಕೌಶಲಗಳನ್ನು ರೋಗಿಯ ಹಾಸಿಗೆಯ ಪಕ್ಕದಲ್ಲೇ ಕಲಿಸುವ ಕ್ರಮ ತಂದರು. ಕಂಪ್ಯೂಟರಿನೊಳಗಿನ ರೋಗಿಗೆ ಎಲ್ಲರ ಗಮನ ಸಿಗುತ್ತದೆ, ವಾರ್ಡಿನಲ್ಲಿ ಮಲಗಿದ ರೋಗಿ ಮಾತ್ರ ಕಾಯುತ್ತಿರುತ್ತಾನೆ ಎಂಬುದು ಅವರ ದೂರು.

‘ಎಲ್ಲ ಟೆಸ್ಟುಗಳನ್ನೂ ಮಾಡಿಸಿಬಿಡಿ ಡಾಕ್ಟ್ರೇ’ ಎನ್ನುವ ತಂದೆತಾಯಿಗಳು ಒಂದು ಸಣ್ಣ ಲೆಕ್ಕ ನೋಡಬೇಕು. ರಕ್ತಪರೀಕ್ಷೆಯ ಚೀಟಿಯಲ್ಲಿ ಸಹಜ ಮಿತಿ ಎಂದು ಅಚ್ಚಾಗಿರುತ್ತದಲ್ಲ, ಸಾಮಾನ್ಯವಾಗಿ ಅದು ಆರೋಗ್ಯವಂತರಲ್ಲಿ ಶೇಕಡ 95 ಮಂದಿಯ ಅಳತೆ. ಅಂದರೆ ಯಾವ ಕಾಯಿಲೆಯೂ ಇಲ್ಲದ ನೂರು ಮಂದಿಯಲ್ಲಿ ಐವರು ಮಿತಿಯ ಹೊರಗೇ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ? 0.95ನ್ನು ಇಪ್ಪತ್ತು ಬಾರಿ ಗುಣಿಸಿದರೆ ಸುಮಾರು 0.36 ಬರುತ್ತದೆ. ಪೂರ್ಣ ಆರೋಗ್ಯವಂತನಿಗೂ ಎಲ್ಲ ಇಪ್ಪತ್ತೂ ಸರಿ ಬರುವ ಸಂಭವ ನೂರಕ್ಕೆ 36 ಮಾತ್ರ! ಉಳಿದ 64 ಮಂದಿಗೆ ಒಂದಾದರೂ ಅಂಕಿ ಕೆಂಪಾಗುತ್ತದೆ. ಆ ಅಂಕಿಯ ಬೆನ್ನು ಹತ್ತಿ ಇನ್ನೊಂದು ಪರೀಕ್ಷೆ, ಮತ್ತೊಂದು ಸ್ಕ್ಯಾನ್. ಬಸ್ಸು ಹಿಡಿದು, ದಿನದ ಕೂಲಿ ಬಿಟ್ಟು ಬಂದವನ ಜೇಬು ಖಾಲಿಯಾಗುವುದರ ಜೊತೆಗೆ ನಿದ್ದೆಯೂ ಹೋಗುತ್ತದೆ.

ಆದುದರಿಂದ ಒಳ್ಳೆಯ ಅಧ್ಯಾಪಕರು ವಿದ್ಯಾರ್ಥಿ ಚೀಟಿ ಬರೆಯುವ ಮುನ್ನವೇ ತಡೆದು ಕೇಳುತ್ತಾರೆ: ಯಾವ ಕಾಯಿಲೆಯ ಅನುಮಾನದ ಮೇಲೆ ಈ ಪರೀಕ್ಷೆ? ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಅದೇ ಆದರೆ ಇದೇಕೆ? ಇದರ ಬೆಲೆ ಎಷ್ಟು? ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ವಿದ್ಯಾರ್ಥಿಗಳೇ ಹೆಚ್ಚು. ಅವರ ಪುಸ್ತಕಗಳಲ್ಲಿ ದರಪಟ್ಟಿ ಇರುವುದಿಲ್ಲ. ಅಮೆರಿಕದಲ್ಲಿ 2012ರಲ್ಲಿ ಅಲ್ಲಿನ ತಜ್ಞವೈದ್ಯರ ಸಂಘಗಳೇ ಮುಂದೆ ಬಂದು ಅನಗತ್ಯ ಪರೀಕ್ಷೆಗಳ ಪಟ್ಟಿ ಮಾಡಿದವು. ಕಾಲಿನ ಬಲ ಕುಂದುವುದು, ಮೂತ್ರ ಕಟ್ಟುವುದು, ಜ್ವರ, ಹಿಂದೆ ಕ್ಯಾನ್ಸರ್ ಆಗಿದ್ದುದು ಮುಂತಾದ ಅಪಾಯದ ಸೂಚನೆಗಳಿಲ್ಲದ ಸೊಂಟನೋವಿಗೆ ಮೊದಲ ಆರು ವಾರ ಎಕ್ಸ್-ರೇ, ಸ್ಕ್ಯಾನ್ ಬೇಡವೆಂಬುದು ಅದರಲ್ಲೊಂದು. ಆದರೆ ಆ ಸೂಚನೆಗಳು ಇಲ್ಲವೆಂದು ತಿಳಿಯುವುದು ಹೇಗೆ? ಕೇಳಿ, ಮುಟ್ಟಿ ನೋಡಿಯೇ. ಪರೀಕ್ಷಿಸಲು ಬಾರದ ವೈದ್ಯನಿಗೆ ಖರ್ಚು ಉಳಿಸುವ ಧೈರ್ಯವೂ ಬಾರದು.

ಕೆಮ್ಮು, ನೆಗಡಿಯ ಮಗುವಿಗೆ ನ್ಯುಮೋನಿಯ ಇರಬಹುದೇ ಎಂದು ಸಂಶಯಿಸಲು ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು. ಮಗು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರೋಗ್ಯ ಕಾರ್ಯಕರ್ತೆಯರೂ ಕಲಿಯುವ ಈ ಎಣಿಕೆಯನ್ನು ಅವಸರದ ಒ.ಪಿ.ಡಿ.ಯಲ್ಲಿ ಬಿಟ್ಟುಬಿಡುವುದು ಸುಲಭ.

ಹಾಗೆಂದು ಯಂತ್ರಗಳನ್ನು ಹಳಿಯುವುದು ಅವಿವೇಕ. ಎದೆಯ ಪೊರೆಯಲ್ಲಿ ಸ್ವಲ್ಪವೇ ನೀರಿದ್ದರೆ ಬೆರಳಿಗೆ ಸಿಗದು, ಅಲ್ಟ್ರಾಸೌಂಡಿಗೆ ಸಿಗುತ್ತದೆ. ಕೈಯ ಪರೀಕ್ಷೆಗಳಲ್ಲೂ ಜೊಳ್ಳು ಇದೆ. ಅದನ್ನು ತೂರಲೆಂದೇ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆ 1992ರಿಂದ, ಯಾವ ಲಕ್ಷಣವನ್ನು ಎಷ್ಟು ನಂಬಬಹುದೆಂದು ಅಳೆಯುವ ಲೇಖನಮಾಲೆ ಪ್ರಕಟಿಸತೊಡಗಿತು.

ನಮ್ಮ ದೇಶದಲ್ಲಿ 2019ರಲ್ಲಿ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾಯಿತು. ವಿದ್ಯಾರ್ಥಿ ಮೊದಲ ವರ್ಷದಲ್ಲೇ ರೋಗಿಗಳನ್ನು ಕಾಣಬೇಕು, ಮಾತನಾಡುವ ರೀತಿಯನ್ನೂ ಕಲಿಯಬೇಕು. ಆದರೆ ಒಂದು ಹಾಸಿಗೆಯ ಸುತ್ತ ಹದಿನೈದು ಇಪ್ಪತ್ತು ಮಂದಿ ಮುತ್ತಿಕೊಂಡರೆ ಕೊನೆಯ ಸಾಲಿನವನಿಗೆ ಕಾಣುವುದು ಮುಂದಿನವನ ಬಿಳಿ ಕೋಟು ಮಾತ್ರ. ಎಲ್ಲರೂ ಒಬ್ಬನ ಹೊಟ್ಟೆಯನ್ನೇ ಒತ್ತಿ ನೋಡಿದರೆ ಅವನ ಗತಿಯೇನು? ರೋಗಿಯ ಒಪ್ಪಿಗೆ ಕೇಳುವುದು, ಪರದೆ ಎಳೆಯುವುದು, ಕೈ ತೊಳೆದು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದು, ಹೊಟ್ಟೆ ಮುಟ್ಟುವಾಗ ಕಣ್ಣನ್ನು ಅವನ ಮುಖದ ಮೇಲೆ ಇಡುವುದು, ಇವೂ ಪಾಠದಲ್ಲಿ ಸೇರಿವೆ. ನೋವಾದರೆ ಮೊದಲು ಹೇಳುವುದು ಮುಖವೇ.