ಆರು ಇನಿಂಗ್ಸ್ ಸಾಕಾ?

ಇವತ್ತಿನ ವಿಷಯ ಬಂದಿದ್ದು ಅಮೆರಿಕದಲ್ಲಿರೋ ಕೇಳುಗರೊಬ್ಬರಿಂದ. ಅಲ್ಲಿನ ಫುಟ್‌ಬಾಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರ್ತಾನೆ, ಹೆಚ್ಚುಕಡಿಮೆ ಪ್ರತಿ ದಾಳಿಯೂ ಅವನ ಕೈಯಿಂದಲೇ ಶುರು. ಅವನು ಪಂದ್ಯದ ಮೇಲೆ ಪಂದ್ಯ ಎಡವುತ್ತಿದ್ದರೆ ಯಾವಾಗ ಬದಲಾಯಿಸಬೇಕು? ಇದು ಅವರ ಪ್ರಶ್ನೆ. ಆ ಆಟ ನನಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ನಾನಿರೋದು ಆಸ್ಟ್ರೇಲಿಯಾದಲ್ಲಿ. ಇದೇ ಪ್ರಶ್ನೆ ಇಲ್ಲಿ ಪರ್ತ್, ಅಡಿಲೇಡ್, ಬ್ರಿಸ್ಬೇನ್ ಮೈದಾನಗಳಲ್ಲಿ ಕ್ರಿಕೆಟ್‌ನ ಆರಂಭಿಕ ಬ್ಯಾಟರ್‌ಗಳ ಬಗ್ಗೆ ಮತ್ತೆ ಮತ್ತೆ ಎದ್ದಿದೆ. ಅದರಲ್ಲಿ ನಮ್ಮ ಕರ್ನಾಟಕದ ಹುಡುಗರೂ ಸಿಕ್ಕಿಹಾಕಿಕೊಂಡಿದ್ದಾರೆ. ಹಾಗಾಗಿ ಇವತ್ತು ಕ್ರಿಕೆಟ್ ಮೂಲಕವೇ ಉತ್ತರ ಹುಡುಕೋಣ.

ಮೊದಲು ನೇಥನ್ ಮೆಕ್‌ಸ್ವೀನಿ ಕಥೆ. ಹುಟ್ಟಿದ್ದು ಬ್ರಿಸ್ಬೇನ್‌ನಲ್ಲಿ, ಆಡೋದು ಅಡಿಲೇಡ್‌ನ ಸೌತ್ ಆಸ್ಟ್ರೇಲಿಯಾ ತಂಡಕ್ಕೆ, ಅದರ ನಾಯಕ ಕೂಡ. 2024ರ ನವೆಂಬರ್‌ನಲ್ಲಿ, 25ನೇ ವಯಸ್ಸಿಗೆ, ಪರ್ತ್‌ನಲ್ಲಿ ಭಾರತದ ವಿರುದ್ಧ ಮೊದಲ ಟೆಸ್ಟ್ ಆಡಿದ. ರಾಜ್ಯ ತಂಡದಲ್ಲಿ ಸಾಮಾನ್ಯವಾಗಿ ಮೂರನೇ ಕ್ರಮಾಂಕದ ಆಚೀಚೆ ಆಡೋನನ್ನು ಇಲ್ಲಿ ಆರಂಭಿಕನಾಗಿ ಇಳಿಸಿದರು. ಪರ್ತ್‌ನಲ್ಲಿ 10 ಮತ್ತು 0. ಅಡಿಲೇಡ್‌ನಲ್ಲಿ 39 ಮತ್ತು ಔಟಾಗದೆ 10. ಬ್ರಿಸ್ಬೇನ್‌ನಲ್ಲಿ 9 ಮತ್ತು 4. ಒಟ್ಟು ಆರು ಇನಿಂಗ್ಸ್, 72 ರನ್, ಸರಾಸರಿ 14.40. ಬ್ರಿಸ್ಬೇನ್ ಟೆಸ್ಟ್ ಮುಗಿದ ಎರಡೇ ದಿನಕ್ಕೆ ತಂಡದಿಂದ ಹೊರಗೆ. ಅವನ ಜಾಗಕ್ಕೆ 19 ವರ್ಷದ ಸ್ಯಾಮ್ ಕಾನ್‌ಸ್ಟಾಸ್ ಬಂದ.

ನಾನು ಜೀವವಿಜ್ಞಾನದವಳು. ಯಾರಾದರೂ ಆರು ಅಳತೆ ತಂದು ಮುಂದಿಟ್ಟು 'ಫಲಿತಾಂಶ ಬಂತು' ಅಂದರೆ ನಮ್ಮ ಲ್ಯಾಬ್‌ನಲ್ಲಿ ಮೊದಲು ಕೇಳೋದು ಒಂದೇ: ಇದು ನಿಜವಾದ ವ್ಯತ್ಯಾಸವೋ, ಬರೀ ಅದೃಷ್ಟದ ಏರಿಳಿತವೋ?

ಅದನ್ನ ಲೆಕ್ಕ ಹಾಕಬಹುದು. ಸರಾಸರಿ 40 ಇರೋ ಬ್ಯಾಟರ್ ಅಂದರೆ ಪ್ರತಿ ಸಲ 40 ಹೊಡೆಯೋನಲ್ಲ. ಪ್ರತಿ ರನ್ನಿಗೂ ಔಟಾಗೋ ಅಪಾಯ ಒಂದೇ ಸಮ ಅಂತ ಸರಳವಾಗಿ ಇಟ್ಟುಕೊಳ್ಳಿ. ಆಗ ಅವನು ಅರ್ಧದಷ್ಟು ಸಲ 28ನ್ನು ದಾಟೋದೇ ಇಲ್ಲ. ಅಪರೂಪಕ್ಕೆ ಬರೋ 120, 150ಗಳು ಸರಾಸರಿಯನ್ನ ಮೇಲೆತ್ತುತ್ತವೆ. ಈಗ ಇಂಥವನ ಯಾವುದಾದರೂ ಆರು ಇನಿಂಗ್ಸ್ ತಗೊಳ್ಳಿ. ಆ ಆರರ ಸರಾಸರಿ 20ಕ್ಕಿಂತ ಕೆಳಗಿರೋ ಸಾಧ್ಯತೆ ಶೇಕಡ 8, ಅಂದರೆ ಹನ್ನೆರಡಕ್ಕೆ ಒಂದು ಸಲ. 90 ಇನಿಂಗ್ಸ್ ಆಡಿದವನಿಗೆ ಇಂಥ ಆರರ ಗುಂಪು ಹದಿನೈದು ಸಿಗುತ್ತೆ. ಆಟದಲ್ಲಿ ಯಾವ ದೋಷವೂ ಇಲ್ಲದೆ, ಒಮ್ಮೆಯಾದರೂ ಇಂಥ ಬರಗಾಲ ಬರೋ ಸಾಧ್ಯತೆಯೇ ಹೆಚ್ಚು ಅನ್ನಬಹುದು.

ಹಾಗಾದರೆ ಆ ಆರು ಇನಿಂಗ್ಸ್‌ಗೆ ಬೆಲೆಯೇ ಇಲ್ವಾ? ಇದೆ, ಸ್ವಲ್ಪ. ಒಬ್ಬ ಆಟಗಾರನ ಹಳೇ ದಾಖಲೆ ನೋಡಿ 'ಇವನ ಮಟ್ಟ 35' ಅಂತ ಅಂದಾಜು ಮಾಡಿದ್ದೀರಿ, ಆ ಅಂದಾಜಿನ ತೂಕ 30 ಇನಿಂಗ್ಸ್‌ಗೆ ಸಮ ಅಂತ ಇಟ್ಟುಕೊಳ್ಳಿ. ಈ ತೂಕ ಉದಾಹರಣೆಗೆ ಅಂತ ನಾನೇ ಆರಿಸಿದ್ದು. ಹೊಸದಾಗಿ ಆರು ಇನಿಂಗ್ಸ್‌ನಲ್ಲಿ ಸರಾಸರಿ 14 ಬಂತು. ಎರಡನ್ನೂ ಸೇರಿಸಿದರೆ ಹೊಸ ಅಂದಾಜು 31.5. ಪತ್ರಿಕೆಯವರು 14 ನೋಡ್ತಾರೆ, ಆಯ್ಕೆಗಾರರು 31.5 ನೋಡಬೇಕು. ಬದಲಿಗೆ ಬರೋನು 31.5ಕ್ಕಿಂತ ಚೆನ್ನಾಗಿ ಆಡ್ತಾನಾ ಅನ್ನೋದೇ ಅಸಲಿ ಪ್ರಶ್ನೆ.

ಇದನ್ನ ನಮ್ಮ ಕ್ಷೇತ್ರದಲ್ಲಿ ಬೇರೆ ರೂಪದಲ್ಲಿ ಓದ್ತೀವಿ. ಮನೆ ಮುಂದಿನ ದಾಸವಾಳಕ್ಕೆ ಸೂರಕ್ಕಿ ಬರೋದನ್ನ ನೋಡಿರ್ತೀರಿ. ಒಂದು ಗಿಡದಲ್ಲಿ ಮಕರಂದ ಕಡಿಮೆ ಆಗ್ತಾ ಬಂದಾಗ ಅದು ಯಾವಾಗ ಇನ್ನೊಂದು ಗಿಡಕ್ಕೆ ಹಾರಬೇಕು? 1976ರಲ್ಲಿ ಎರಿಕ್ ಚಾರ್ನೋವ್ ಅನ್ನೋ ಪರಿಸರ ವಿಜ್ಞಾನಿ ಇದಕ್ಕೊಂದು ಸೂತ್ರ ಕೊಟ್ಟರು. ಈ ಗಿಡದಲ್ಲಿ ಈ ಕ್ಷಣ ಸಿಗ್ತಿರೋದು ಸುತ್ತಲಿನ ತೋಟದ ಸರಾಸರಿಗೆ ಇಳಿದಾಗ ಹೊರಡಬೇಕು. ಆ ಸರಾಸರಿಯಲ್ಲಿ ಹಾರೋ ಸಮಯವೂ ಸೇರಿರಬೇಕು. ಪಕ್ಕದ ಗಿಡ ದೂರ ಇದ್ದಷ್ಟೂ ಇಲ್ಲೇ ಹೆಚ್ಚು ಹೊತ್ತು ಇರೋದು ಲಾಭ. ಹೊಸ ಆಟಗಾರ ಹೊಂದಿಕೊಳ್ಳೋಕೆ ತಗೊಳ್ಳೋ ಸಮಯವೇ ತಂಡದ ಪಾಲಿಗೆ ಆ ಹಾರೋ ಖರ್ಚು.

ಆದರೆ ಒಂದು ವ್ಯತ್ಯಾಸ ಇದೆ. ಹೂವಿನ ಮಕರಂದ ನಿಜವಾಗಿಯೂ ಖಾಲಿ ಆಗುತ್ತೆ. ಬ್ಯಾಟರ್‌ನ ಸಾಮರ್ಥ್ಯ ಖಾಲಿ ಆಗಿದೆಯೋ, ರನ್ ಮಾತ್ರ ಬರ್ತಿಲ್ಲವೋ ಹೊರಗಿನಿಂದ ಗೊತ್ತಾಗಲ್ಲ. ಅದಕ್ಕೇ ರನ್ನಿನ ಹಿಂದಿನ ಕಾರಣ ಹುಡುಕಬೇಕು. ಪಿಎಚ್‌ಡಿ ಮೊದಲ ವರ್ಷ ನನ್ನದೇ ಒಂದು ಪ್ರಯೋಗ ತಿಂಗಳುಗಟ್ಟಲೆ ಕೈಕೊಟ್ಟಿತ್ತು. ಇನ್ನೇನು ಬಿಟ್ಟುಬಿಡೋಣ ಅಂತಿದ್ದಾಗ ಗೊತ್ತಾಗಿದ್ದು, ಫ್ರೀಜರ್‌ನಲ್ಲಿದ್ದ ಕಿಣ್ವ ಹಳೇದಾಗಿತ್ತು ಅಂತ. ನನ್ನ ಊಹೆ ಸರಿಯೇ ಇತ್ತು, ಕೆಟ್ಟಿದ್ದು ಕಿಣ್ವ. ಮೆಕ್‌ಸ್ವೀನಿ ಐದು ಸಲ ಔಟಾದ, ಅದರಲ್ಲಿ ನಾಲ್ಕು ಸಲ ಬೂಮ್ರಾಗೆ. 'ನೋಡಿ, ತಾಂತ್ರಿಕ ದೋಷ' ಅನ್ನಬಹುದು. ಆದರೆ ಆ ಸರಣಿಯಲ್ಲಿ ಬೂಮ್ರಾ 13.06ರ ಸರಾಸರಿಯಲ್ಲಿ 32 ವಿಕೆಟ್ ತಗೊಂಡರು. ಹೊಸ ಚೆಂಡಿನಲ್ಲಿ ಅವರನ್ನ ಎದುರಿಸಿದ ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಪಾಡು. ಅದೇ ಮೂರು ಟೆಸ್ಟ್‌ನಲ್ಲಿ ಇನ್ನೊಬ್ಬ ಆರಂಭಿಕ ಉಸ್ಮಾನ್ ಖವಾಜಾ ಹೊಡೆದಿದ್ದು 63 ರನ್, ಮೆಕ್‌ಸ್ವೀನಿಗಿಂತ ಕಡಿಮೆ!

ಖವಾಜಾಗೆ ಬ್ರಿಸ್ಬೇನ್ ಟೆಸ್ಟ್‌ನ ಕೊನೇ ದಿನ 38 ತುಂಬಿತು. ಆದರೂ ಅವರನ್ನ ಉಳಿಸಿಕೊಂಡರು. ಮುಂದಿನ ತಿಂಗಳು ಶ್ರೀಲಂಕಾದ ಗಾಲ್‌ನಲ್ಲಿ 232 ಹೊಡೆದರು. ಪರ್ತ್‌ನಲ್ಲಿ 2 ಮತ್ತು 3ಕ್ಕೆ ಔಟಾಗಿದ್ದ ಮಾರ್ನಸ್ ಲಾಬುಶೇನ್ ಕೂಡ ಉಳಿದರು, ಮೆಲ್ಬರ್ನ್‌ನಲ್ಲಿ 72 ಮತ್ತು 70 ಹೊಡೆದರು. ಇತ್ತ ಕಾನ್‌ಸ್ಟಾಸ್ ಅದೇ ಮೆಲ್ಬರ್ನ್‌ನಲ್ಲಿ 65 ಎಸೆತಕ್ಕೆ 60 ಬಾರಿಸಿದಾಗ ದೇಶವೇ ಕುಣಿಯಿತು. ಆದರೆ 2025ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ಅವನ ಆರು ಇನಿಂಗ್ಸ್‌ನ ಮೊತ್ತ ಕೇವಲ 50. ಅದೇ ಆರು, ಅದೇ ಪ್ರಶ್ನೆ, ಹೆಸರು ಮಾತ್ರ ಬೇರೆ.

ಇಲ್ಲಿ ನಮ್ಮ ಕಣ್ಣಿಗೆ ಮೋಸ ಮಾಡೋ ಒಂದು ಸಂಗತಿ ಇದೆ. ತಂಡಗಳು ಬದಲಾವಣೆ ಮಾಡೋದು ಯಾವಾಗ? ಆಟ ಪಾತಾಳಕ್ಕೆ ಇಳಿದಾಗ. ಪಾತಾಳದಿಂದ ಮುಂದಿನ ಹೆಜ್ಜೆ ಸಾಮಾನ್ಯವಾಗಿ ಮೇಲಕ್ಕೇ, ಏನೂ ಮಾಡದಿದ್ದರೂ. ಬದಲಾಯಿಸಿದರೆ ಹೊಸಬನಿಗೆ ಕೀರ್ತಿ, ಬದಲಾಯಿಸದಿದ್ದರೆ 'ತಾಳಿದವನು ಬಾಳಿಯಾನು' ಅಂತ ತಾಳ್ಮೆಗೆ ಕೀರ್ತಿ. ಸರಾಸರಿ ಕಡೆಗೆ ಮರಳೋ ಸಹಜ ಗುಣ ಇದು. ಜ್ವರ ಏರಿದಾಗ ಔಷಧ ಕೊಟ್ಟು, ಇಳಿದಾಗ ಎಲ್ಲ ಹೊಗಳಿಕೆಯನ್ನೂ ಔಷಧಕ್ಕೇ ಕೊಟ್ಟ ಹಾಗೆ.

ಈಗ ನಮ್ಮವರ ಕಡೆ ಬರೋಣ. ಕೆ.ಎಲ್. ರಾಹುಲ್ 2018ರಲ್ಲಿ 12 ಟೆಸ್ಟ್, 22 ಇನಿಂಗ್ಸ್ ಆಡಿ 468 ರನ್ ಮಾಡಿದ್ದರು, ಸರಾಸರಿ 22.28. ಅದರಲ್ಲಿ 149 ರನ್ ಓವಲ್‌ನ ಒಂದೇ ಇನಿಂಗ್ಸ್‌ನದು. ಆ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ 2 ಮತ್ತು 44, ಪರ್ತ್‌ನಲ್ಲಿ 2 ಮತ್ತು 0. ನಮ್ಮ ಸರಳ ಲೆಕ್ಕದ ಪ್ರಕಾರ, ಸರಾಸರಿ 40 ಇರೋನಿಗೆ ಬರೀ ಅದೃಷ್ಟ ಕೆಟ್ಟು 22 ಇನಿಂಗ್ಸ್‌ನಲ್ಲಿ ಹೀಗಾಗೋದು ನೂರಕ್ಕೆ ಒಂದು ಸಲ. ಹೊರಗೆ ಕಾಯ್ತಿದ್ದಿದ್ದು ಯಾರು? ಬೆಂಗಳೂರಿನವರೇ ಆದ ಮಯಂಕ್ ಅಗರವಾಲ್. 2017-18ರ ರಣಜಿಯಲ್ಲಿ 1,160 ರನ್, ಅದರಲ್ಲಿ ಮಹಾರಾಷ್ಟ್ರದ ವಿರುದ್ಧ ಔಟಾಗದೆ 304. ಮೆಲ್ಬರ್ನ್‌ನಲ್ಲಿ ರಾಹುಲ್ ಮತ್ತು ಮುರಳಿ ವಿಜಯ್ ಇಬ್ಬರನ್ನೂ ಕೈಬಿಟ್ಟರು, ಮಯಂಕ್ ಮೊದಲ ಇನಿಂಗ್ಸ್‌ನಲ್ಲೇ 76 ಹೊಡೆದರು. ರಾಹುಲ್ ಅಭಿಮಾನಿಯಾಗಿ ನನಗೆ ಬೇಜಾರಾಗಿತ್ತು. ಆದರೆ ಆ 76 ಬರದಿದ್ದರೂ ಅದು ಸರಿಯಾದ ನಿರ್ಧಾರವೇ. ಸಾಕಷ್ಟು ಅಳತೆ ಇತ್ತು, ಪಕ್ಕದ ಗಿಡದಲ್ಲಿ ಹೂವು ತುಂಬಿತ್ತು.

ಅದೇ ಮಯಂಕ್‌ಗೆ ಎರಡು ವರ್ಷದ ನಂತರ ಏನಾಯ್ತು ನೋಡಿ. 2020ರ ಡಿಸೆಂಬರ್ 19, ಅಡಿಲೇಡ್. ಭಾರತ 36ಕ್ಕೆ ಆಲೌಟ್. ಆ 36ರಲ್ಲಿ ಅತಿ ಹೆಚ್ಚು ರನ್ ಮಯಂಕ್ ಅವರದ್ದೇ, 9. ಅದೇ 9 ರನ್ನಿನಿಂದ ಅವರು ಟೆಸ್ಟ್‌ನಲ್ಲಿ 1,000 ಮುಟ್ಟಿದರು, 19ನೇ ಇನಿಂಗ್ಸ್‌ನಲ್ಲಿ. ಮುಂದೆ ಮೆಲ್ಬರ್ನ್‌ನಲ್ಲಿ 0 ಮತ್ತು 5. ಸರಾಸರಿ ಆಗಲೂ 47ರ ಮೇಲಿತ್ತು. ಸಿಡ್ನಿಯಲ್ಲಿ ರೋಹಿತ್ ಶರ್ಮಾ ಬಂದರು, ಮಯಂಕ್ ಹೊರಗೆ. ನಾಲ್ಕು ಇನಿಂಗ್ಸ್, 31 ರನ್. ಬದಲಿಗೆ ಬಂದವರು ರೋಹಿತ್ ಆಗಿದ್ದರಿಂದ ನಿರ್ಧಾರವನ್ನು ಒಪ್ಪಬಹುದು. 'ಫಾರ್ಮ್ ಹೋಯ್ತು' ಅನ್ನೋ ಕಾರಣ ಮಾತ್ರ ನನಗೆ ಒಪ್ಪಿಗೆಯಾಗಲ್ಲ.

ಕೊನೆಯದಾಗಿ ಮತ್ತೆ ಪರ್ತ್. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ, ನ್ಯೂಜಿಲೆಂಡ್ ವಿರುದ್ಧ ರಾಹುಲ್ 0 ಮತ್ತು 12. ಅದರ ಹಿಂದಿನ ಇನಿಂಗ್ಸ್‌ನಲ್ಲಿ ಕಾನ್ಪುರದಲ್ಲಿ 68 ಹೊಡೆದಿದ್ದರು. ಆದರೂ ಮುಂದಿನ ಎರಡು ಟೆಸ್ಟ್‌ಗೆ ಬೆಂಚ್. ನವೆಂಬರ್‌ನಲ್ಲಿ ರೋಹಿತ್ ಪರ್ತ್‌ಗೆ ಬರಲಿಲ್ಲ ಅಂತ ರಾಹುಲ್‌ಗೆ ಆರಂಭಿಕನ ಜಾಗ ಸಿಕ್ಕಿತು. ಆರು ವರ್ಷದ ಹಿಂದೆ 2 ಮತ್ತು 0 ಆಗಿದ್ದ ಅದೇ ಮೈದಾನದಲ್ಲಿ 26 ಮತ್ತು 77, ಜೈಸ್ವಾಲ್ ಜೊತೆ 201 ರನ್ ಜೊತೆಯಾಟ. ಬ್ರಿಸ್ಬೇನ್‌ನಲ್ಲಿ 84. ಮರುವರ್ಷ ಇಂಗ್ಲೆಂಡ್‌ನಲ್ಲಿ 532 ರನ್. ಬೆಂಗಳೂರಿನ ಆ ಎರಡು ಇನಿಂಗ್ಸ್ ಇದ್ಯಾವುದನ್ನೂ ಹೇಳಿರಲಿಲ್ಲ. ರೋಹಿತ್ ಬಂದಿದ್ದರೆ ನಮಗೂ ಇದು ಗೊತ್ತಾಗ್ತಿರಲಿಲ್ಲವೇನೋ.

ಹಾಗಾಗಿ ಕೇಳುಗರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಬದಲಾಯಿಸೋ ಮುಂಚೆ ಮೂರು ಕೇಳಿಕೊಳ್ಳಿ. ಎಷ್ಟು ಅಳತೆ ಇದೆ, ಆರೋ ಇಪ್ಪತ್ತೆರಡೋ? ಗಾಯ, ವಯಸ್ಸು, ತಾಂತ್ರಿಕ ದೋಷ, ಹೀಗೆ ಕೈಯಿಟ್ಟು ತೋರಿಸಬಹುದಾದ ಕಾರಣ ಇದೆಯಾ? ಬದಲಿಗೆ ಬರೋನು ನಿಜವಾಗಿಯೂ ಮೇಲು ಅನ್ನೋಕೆ ಅವನದ್ದೂ ಅಷ್ಟೇ ಉದ್ದದ ದಾಖಲೆ ಇದೆಯಾ? ಮೂರಕ್ಕೂ ಉತ್ತರ ಗಟ್ಟಿಯಾಗಿದ್ದರೆ ಹಿಂಜರಿಯಬೇಡಿ. ಇಲ್ಲದಿದ್ದರೆ ಇನ್ನಷ್ಟು ದಿನ ಆಡಿಸಿ. ಕೈಬಿಟ್ಟರೂ ಬಾಗಿಲು ತೆರೆದಿಡಿ. ಯಾಕಂದ್ರೆ ತಪ್ಪಾಗಿ ಕೈಬಿಟ್ಟವನ ಮುಂದಿನ ಇನಿಂಗ್ಸ್ ಹೇಗಿರ್ತಿತ್ತು ಅಂತ ಯಾವ ಸ್ಕೋರ್‌ಬೋರ್ಡ್‌ನಲ್ಲೂ ಬರಲ್ಲ.

ಅಂದಹಾಗೆ, ಮೆಕ್‌ಸ್ವೀನಿ ಏನಾದ ಅಂತ ಕೇಳಬಹುದು. ತಂಡದಿಂದ ಬಿದ್ದ ಮೂರು ತಿಂಗಳಿಗೆ, 2025ರ ಮಾರ್ಚ್‌ನಲ್ಲಿ, ಅವನ ನಾಯಕತ್ವದಲ್ಲಿ ಸೌತ್ ಆಸ್ಟ್ರೇಲಿಯಾ 29 ವರ್ಷದ ನಂತರ ಶೆಫೀಲ್ಡ್ ಶೀಲ್ಡ್ ಗೆದ್ದಿತು, ಅಡಿಲೇಡ್‌ನಲ್ಲೇ.

ನಿಮ್ಮ ಆಫೀಸು, ಲ್ಯಾಬು, ತರಗತಿಯಲ್ಲೂ ಆರು ಇನಿಂಗ್ಸ್ ನೋಡಿ ತೀರ್ಪು ಕೊಟ್ಟ ಪ್ರಸಂಗ ಇದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.